ಶ್ರೀರಂಗಪಟ್ಟಣದಲ್ಲಿ ಶುರುವಾಗೋ ಯಾರ್ಕ್‌ಷೈರ್ ಪತ್ತೇದಾರಿ: ‘ಮೂನ್‌ಸ್ಟೋನ್’ ಓದಿದವರು ಯಾರಾದ್ರೂ ಇದ್ದೀರಾ?

ಸಂಜೆಮಲ್ಲಿಗೆ
ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಹಿಡಿದೆ. 1868ರ ಕಾದಂಬರಿ. ಇಂಗ್ಲೆಂಡಿನ ಹಳ್ಳಿಗಾಡು, ದೊಡ್ಡ ಬಂಗಲೆ, ಕಳುವಾದ ವಜ್ರ, ಲಂಡನ್ನಿಂದ ಬರೋ ಪತ್ತೇದಾರ ಅಂತ ರಟ್ಟಿನ ಮೇಲೆ ಇತ್ತು. ಗಂಜಿ ಕುಡೀತಾ ಓದೋಕೆ ಸರಿಯಾಗಿದೆ ಅಂದ್ಕೊಂಡು ಮೊದಲ ಪುಟ ತೆಗೆದ್ರೆ ‘ಶ್ರೀರಂಗಪಟ್ಟಣದ ಮೇಲೆ ಲಗ್ಗೆ, 1799’! ಎದ್ದು ಕೂತೆ. ನಮ್ಮ ಅಜ್ಜಿ ಊರಿಂದ ಅರ್ಧ ಗಂಟೆ ದಾರಿ.

ಕಥೆ ಇಷ್ಟು. ಕೋಟೆ ಬಿದ್ದ ಸಂಜೆ ಹರ್ನ್‌ಕಾಸಲ್ ಅನ್ನೋ ಇಂಗ್ಲಿಷ್ ಅಧಿಕಾರಿ ಟಿಪ್ಪುವಿನ ಆಯುಧಶಾಲೆಗೆ ನುಗ್ಗಿ, ಮೂವರು ಕಾವಲುಗಾರರನ್ನು ಕೊಂದು, ಕಠಾರಿಯ ಹಿಡಿಯಲ್ಲಿ ಕೂರಿಸಿದ್ದ ಹಳದಿ ವಜ್ರ ಹೊಡೀತಾನೆ. ಅದು ಮೂಲದಲ್ಲಿ ಸೋಮನಾಥದ ಚಂದ್ರದೇವರ ಹಣೆಯದ್ದಂತೆ. ಸಾಯೋ ಕಾವಲುಗಾರ ಶಾಪ ಹಾಕ್ತಾನೆ. ಆಮೇಲೆ ಸೀದಾ 1848ಕ್ಕೆ ಬರ್ತೀವಿ. ಸತ್ತ ಹರ್ನ್‌ಕಾಸಲ್ ಆ ವಜ್ರವನ್ನ ಯಾರ್ಕ್‌ಷೈರ್ ಕಡಲ ದಂಡೇಲಿರೋ ತಂಗಿ ಮಗಳು ರೇಚಲ್‌ಗೆ ಉಯಿಲಿನಲ್ಲಿ ಬಿಟ್ಟಿರ್ತಾನೆ. ಅವಳ ಹುಟ್ಟುಹಬ್ಬದ ರಾತ್ರಿ ಅದು ಮಾಯ.

ನನ್ನ ತಕರಾರು ಹೇಳಿಬಿಡ್ತೀನಿ. ಶ್ರೀರಂಗಪಟ್ಟಣದ ಆ ಐದಾರು ಪುಟದಲ್ಲಿ ಮೈ ಜುಮ್ಮೆನ್ನುತ್ತೆ. ಅದಾದ ಮೇಲೆ ನೂರಾರು ಪುಟ ಬಾಗಿಲಿನ ಬಣ್ಣ ಯಾರ ರಾತ್ರಿ ಅಂಗಿಗೆ ಮೆತ್ತಿತು ಅನ್ನೋದೇ ಚರ್ಚೆ. ಮೂರು ಕೊಲೆ ಮಾಡಿ ತಂದ ಕಲ್ಲು, ಅದು ಯಾರದ್ದು ಅಂತ ಆ ಮನೇಲಿ ಯಾರೂ ಕೇಳಲ್ವಲ್ಲ! ನನಗೊಬ್ಬಳಿಗೇ ಹೀಗನ್ನಿಸಿದ್ದಾ?

ಪಟ್ಣದಹೈದ
ಪುಸ್ತಕ ಓದಿಲ್ಲ ಕಣಕ್ಕ. ಆದ್ರೆ ನಮ್ಮೂರ ಹೆಸ್ರು ಬಂತಲ್ಲ, ಅದಕ್ಕೆ ಬಂದೆ. ಕೋಟೆ ಒಡೆದ ಜಾಗದಲ್ಲಿ ಈಗ ಒಂದು ಕಲ್ಲು ಕಂಬ ಐತೆ, ಇಂಗ್ಲಿಷ್‌ನೋರ ಹೆಸರೆಲ್ಲಾ ಕೆತ್ತವ್ರೆ. ಟಿಪ್ಪು ಹೆಣ ಸಿಕ್ಕಿದ ಜಾಗಕ್ಕೆ ಬ್ಯಾರೆ ಒಂದು ಕಲ್ಲು. ಭಾನುವಾರ ಬಂದೋರು ಎಳನೀರು ಕುಡ್ಕೊಂಡು ಎರಡ್ರ ಮುಂದೂ ಫೋಟೊ ತಕ್ಕೊಂಡು ಹೋಯ್ತಾರೆ. ಅರಮನೆ ಲಾಲ್ ಮಹಲು ಮಾತ್ರ ಪಾಯ ಬಿಟ್ರೆ ಏನೂ ಉಳಿದಿಲ್ಲ. ನೀವು ಹೇಳೋ ಆಯುಧದ ಕೋಣೆ ಎಲ್ಲಿತ್ತೋ ನಂಗೊತ್ತಿಲ್ಲ. ಈ ವಜ್ರ ನಿಜವಾಗ್ಲೂ ಇತ್ತಾ?

ಹಳೇವಕೀಲ
ವಜ್ರ ಕಲ್ಪಿತ, ಲೂಟಿ ನಿಜ. 1799ರ ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಜನರಲ್ ಬೇರ್ಡ್‌ನ ನೇತೃತ್ವದಲ್ಲಿ ಲಗ್ಗೆ ನಡೆಯಿತು. ಇದೇ ಬೇರ್ಡ್ 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕು ಮೂರು ವರ್ಷಕ್ಕೂ ಮಿಕ್ಕಿ ಶ್ರೀರಂಗಪಟ್ಟಣದಲ್ಲೇ ಬಂದಿಯಾಗಿದ್ದವನು. ಕೋಟೆ ಬಿದ್ದ ರಾತ್ರಿ ಸೈನಿಕರು ಊರನ್ನು ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಹಲವರಿಗೆ ಛಡಿಯೇಟು ಕೊಡಿಸಿ ಅದನ್ನು ಹತೋಟಿಗೆ ತಂದ. ಸಿಕ್ಕಿಬಿದ್ದ ಕಳ್ಳನನ್ನು ನೇಣಿಗೆ ಹಾಕುವುದಾಗಿ ಕಾದಂಬರಿಯ ಬೇರ್ಡ್ ಕೂಡ ಸಾರುತ್ತಾನೆ. ಆದರೆ ಹರ್ನ್‌ಕಾಸಲ್‌ಗೆ ಏನೂ ಆಗುವುದಿಲ್ಲ. ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತವನನ್ನು ಅವನ ದಾಯಾದಿಯೇ ಕಂಡಿದ್ದಾನೆ, ಆದರೂ ಇರಿದದ್ದನ್ನು ಕಣ್ಣಾರೆ ಕಾಣಲಿಲ್ಲ, ಕೊಲೆಗೆ ಸಾಕ್ಷಿ ಸಾಲದೆಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಸಂಜೆಮಲ್ಲಿಗೆಯವರೇ, ಇಡೀ ಪುಸ್ತಕದ ಸ್ವಭಾವ ಅಲ್ಲೇ ಇದೆ. ಕಂಡವರು ಹೇಳುವುದಿಲ್ಲ.

ಕುಡ್ಲದಮಳೆ
ನಾನು ಇದನ್ನು ಎರಡು ಸಲ ಶುರು ಮಾಡಿ ಎರಡು ಸಲವೂ ಬಿಟ್ಟದ್ದು ಮಾರಾಯ್ರೆ. ಆ ಮುದುಕ ಬಟ್ಲರ್ ಬೆಟರೆಜ್ ಉಂಟಲ್ಲ, ಕಥೆ ಹೇಳಲಿಕ್ಕೆ ಕೂತವನು ಅವನ ಮದುವೆ ಕಥೆ, ಮಗಳ ಕಥೆ, ರಾಬಿನ್ಸನ್ ಕ್ರೂಸೋ ಎಷ್ಟು ಒಳ್ಳೆ ಪುಸ್ತಕ ಅಂತ ಪುರಾಣ. ವಜ್ರ ಬರುವಾಗ ನನಗೆ ನಿದ್ದೆ ಬಂದಿತ್ತು.

ಧಾರವಾಡಫೇಡೆ
ಅಯ್ಯ, ಬೆಟರೆಜ್‌ಗೆ ಹಂಗ ಅನಬ್ಯಾಡ್ರಿ! ಅಂವನ ಸಲುವಾಗೆನ ನಾ ಮೂರು ಸಲ ಓದೇನಿ. ಎಪ್ಪತ್ತು ದಾಟಿದ ಮುದುಕ, ಯಾವ ತ್ರಾಸ ಬಂದ್ರೂ ರಾಬಿನ್ಸನ್ ಕ್ರೂಸೋ ತಗದು, ಕಣ್ಣಿಗೆ ಬಿದ್ದ ಸಾಲಿನ್ಯಾಗ ಉತ್ತರ ಹುಡುಕ್ತಾನ. ಓದಿ ಓದಿ ಆರು ಪ್ರತಿ ಹರಿದಾವ, ಯಜಮಾನತಿ ಏಳನೇದು ಕೊಡಿಸ್ಯಾಳ. ನಮ್ಮ ಅಜ್ಜ ಜೈಮಿನಿ ಭಾರತ ಹಿಂಗ ತಗದು ನೋಡ್ತಿದ್ದ. ಮದವಿ ಮಾಡಬೇಕೋ ಬ್ಯಾಡೋ, ಹೊಲ ಮಾರಬೇಕೋ ಬ್ಯಾಡೋ, ಎಲ್ಲಾಕೂ ಅದ. ಅದಕ್ಕ ಬೆಟರೆಜ್ ನಮ್ಮ ಮನಿ ಮನಶಾ ಅನಸ್ತಾನ.

ಇನ್ನ ಸಾರ್ಜೆಂಟ್ ಕಫ್. ಪತ್ತೇದಾರ ಅಂದ್ರ ಎತ್ತರಕ್ಕ, ಗತ್ತಿನಾಂವ ಬರ್ತಾನ ಅಂತ ಎಲ್ಲಾರೂ ಕಾಯ್ತಿದ್ರ, ಬಂದಾಂವ ಒಬ್ಬ ಒಣಕಲ ಮುದಕ. ಕರೀ ಅರವಿ, ಬಿಳೀ ಕ್ರವಾಟು, ಕೊಡ್ಲಿಯಂಥಾ ಮಾರಿ. ಬಂದಾಂವನ ಮೊದಲಿಗೆ ಕೇಳೂದು ವಜ್ರದ ಸುದ್ದಿ ಅಲ್ಲ, ಗುಲಾಬಿ ತೋಟದ ಸುದ್ದಿ! ಮಾಲಿ ಜೋಡಿ ಜಗಳಾನೂ ಆತು.

ಗುಲಾಬಿಹುಚ್ಚು
ಆ ಜಗಳಕ್ಕೋಸ್ಕರ ನಾನು ಇಲ್ಲಿ ಲಾಗಿನ್ ಆದೆ. ಬಿಳಿ ಮಾಸ್ ಗುಲಾಬಿಯನ್ನ ಕಾಡು ಗುಲಾಬಿ ಬುಡಕ್ಕೆ ಕಣ್ಣು ಕಸಿ ಮಾಡಲೇಬೇಕು ಅಂತ ಮಾಲಿ, ಬೇಕಾಗಿಲ್ಲ ಅಂತ ಕಫ್. ಒಂದು ಕಡೆ ಮನೆ ಹೆಂಗಸರು ಅಳ್ತಾ ಇದ್ದಾರೆ, ಇವರಿಬ್ಬರದ್ದು ಇದೇ. ನನ್ನ ತಾರಸಿ ಮೇಲೆ ನಲವತ್ತು ಕುಂಡ ಇದೆ. ಕಸಿ ಮಾಡಿದ ಗಿಡದಲ್ಲಿ ಬುಡದಿಂದ ಕಾಡು ಚಿಗುರು ಬರುತ್ತೆ, ನೋಡ್ತಾ ಇದ್ದು ಚಿವುಟಿ ಹಾಕಬೇಕು. ಹಾಗೇ ಬಿಟ್ಟರೆ ಅದೇ ಮೇಲಾಗಿ ಕ್ರಮೇಣ ಒಳ್ಳೆ ಗುಲಾಬಿ ಸತ್ತುಹೋಗುತ್ತೆ. ಬುಡ ನೋಡೋ ಚಾಳಿ ಇರೋನು ಪತ್ತೇದಾರಿಗೆ ಲಾಯಕ್ಕು ಅಂತ ನನ್ನ ವಾದ. ನಗಬೇಡಿ.

ಲೀಡ್ಸ್‌ಅಜ್ಜಿ
ಇಪ್ಪತ್ತೆಂಟು ವರ್ಷದಿಂದ ಯಾರ್ಕ್‌ಷೈರಿನಲ್ಲಿದ್ದೇನೆ, ಅದಕ್ಕೆ ಒಂದೆರಡು ಮಾತು. ಕಾದಂಬರಿಯಲ್ಲಿ ಪಕ್ಕದ ಪೇಟೆಯ ಹೆಸರು ಫ್ರಿಜಿಂಗ್‌ಹಾಲ್ ಅಂತ ಬರುತ್ತೆ. ಆ ಹೆಸರಿನ ಜಾಗ ನಿಜವಾಗಿಯೂ ಇದೆ, ಆದರೆ ಬ್ರಾಡ್‌ಫರ್ಡಿನೊಳಗೆ. ಶಿಪ್ಲಿಯಿಂದ ಹೋಗುವ ರೈಲು ಅಲ್ಲಿ ನಿಲ್ಲುತ್ತೆ, ನಾನು ಎಷ್ಟೋ ಸಲ ಇಳಿದಿದ್ದೇನೆ. ಸಮುದ್ರ ಅಲ್ಲಿಂದ ಎಲ್ಲಿಯೋ. ಕಾಲಿನ್ಸ್ ಹೆಸರು ಎತ್ತಿಕೊಂಡು ಊರನ್ನು ಕಡಲ ಹತ್ತಿರ ತಂದಿಟ್ಟಿದ್ದಾನೆ.

‘ನಡುಗುವ ಮರಳು’ ಕೂಡ ಅವನ ಕಲ್ಪನೆಯೇ. ಎರಡು ಬಂಡೆ ಚಾಚುಗಳ ನಡುವೆ ಕುಸಿಮರಳು. ಭರತ ತಿರುಗುವ ಹೊತ್ತಿಗೆ ಮೇಲಿನ ಪದರವೆಲ್ಲ ಥರಥರ ನಡುಗುತ್ತೆ. ಅಂಥದ್ದು ನಾನು ನೋಡಿಲ್ಲ. ಆದರೆ ವಿಟ್ಬಿ ಕಡೆ ಬೇಸಿಗೆಯಲ್ಲೂ ಕಡಲಿಂದ ಮಂಜು ಎದ್ದು ಬರುತ್ತೆ. ಹತ್ತು ನಿಮಿಷದ ಹಿಂದೆ ಬಿಸಿಲಿತ್ತು, ಈಗ ಪಕ್ಕದಲ್ಲಿರುವ ಮೊಮ್ಮಗಳ ಕೆಂಪು ಟೋಪಿ ಕಾಣಲ್ಲ, ಧ್ವನಿ ಮಾತ್ರ ಬರ್ತಿದೆ. ಅವತ್ತು ನನಗೆ ರೊಸಾನಾ ನೆನಪಾದಳು. ಕಳ್ಳತನ ಮಾಡಿ ಜೈಲು ಕಂಡು ಬಂದವಳು, ಒಂದು ಭುಜ ಸೊಟ್ಟ, ಮನೆಗೆಲಸದ ಹುಡುಗಿ. ಆ ಮರಳ ಹತ್ತಿರ ಒಬ್ಬಳೇ ಹೋಗಿ ಕೂರ್ತಾಳಲ್ಲ, ಯಾಕೆ ಅಂತ ಆಗ ಸ್ವಲ್ಪ ಗೊತ್ತಾಯಿತು.

ಕುಡ್ಲದಮಳೆ
ನೀವೆಲ್ಲ ಹೀಗೆ ಹೇಳಿದರೆ ಮೂರನೇ ಸಲ ಶುರು ಮಾಡಬೇಕಷ್ಟೆ. ಒಂದು ಮಾತ್ರ ನೆನಪುಂಟು, ಮೂವರು ಭಾರತೀಯರು ವಜ್ರ ಹುಡುಕಿಕೊಂಡು ಗಾರುಡಿಗರ ವೇಷದಲ್ಲಿ ಬಂದು ಒಬ್ಬ ಇಂಗ್ಲಿಷ್ ಹುಡುಗನ ಅಂಗೈಗೆ ಕಪ್ಪು ಶಾಯಿ ಹೊಯ್ದು ‘ಏನು ಕಾಣ್ತದೆ ಹೇಳು’ ಅಂತ ಕೇಳುವುದು. ಇದು ನಮ್ಮ ಅಂಜನ ಅಲ್ವಾ?

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಬೆಂಡೋಲೆ ಕಳೆದದ್ದು. ಚಿಕ್ಕಪ್ಪ ನನ್ನನ್ನು ಒಬ್ಬರ ಹತ್ತಿರ ಕರ್ಕೊಂಡು ಹೋದರು, ಅಂಜನ ನೋಡಲಿಕ್ಕೆ ಮಕ್ಕಳೇ ಆಗಬೇಕಂತೆ. ವೀಳ್ಯದೆಲೆಗೆ ಕಪ್ಪು ಹಚ್ಚಿ, ದೀಪದ ಎದುರು ಹಿಡಿದು, ‘ಯಾರು ಬಂದರು? ಗಂಡಸಾ ಹೆಂಗಸಾ?’ ಅಂತ ಕೇಳಿದರು. ನನಗೆ ಕಂಡದ್ದು ದೀಪದ ಬೆಳಕು ಮತ್ತೆ ನನ್ನದೇ ಮೂಗು. ಆದರೆ ಅಷ್ಟು ಜನ ಕಾಯ್ತಾ ಕೂತಿರುವಾಗ ಏನೂ ಇಲ್ಲ ಅಂತ ಹೇಳುವುದು ಹೇಗೆ? ‘ಹೆಂಗಸು’ ಅಂದುಬಿಟ್ಟೆ. ಕೆಲಸಕ್ಕೆ ಬರುತ್ತಿದ್ದವರನ್ನು ಮರುದಿನದಿಂದ ಬರಬೇಡಿ ಅಂದರು. ಓಲೆ ಆಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಅವರನ್ನು ಯಾರೂ ವಾಪಸ್ ಕರೆಯಲಿಲ್ಲ.

ಸಂಜೆಮಲ್ಲಿಗೆ
ಕುಡ್ಲದವರೇ, ಇದನ್ನ ಓದಿ ಸುಮ್ಮನಾಗಿಬಿಟ್ಟೆ. ಕಾದಂಬರೀಲೂ ಅದೇ ನೋಡಿ. ವಜ್ರ ಹೋಯ್ತು ಅಂದ ತಕ್ಷಣ ಮೊದಲು ಆ ಮೂವರನ್ನ ಒಳಗೆ ಹಾಕ್ತಾರೆ, ಆಮೇಲೆ ಕೆಲಸದವರ ಪೆಟ್ಟಿಗೆ ಹುಡುಕ್ತಾರೆ.

ಮಗ್ಗದಮನೆ
ಟಿಪ್ಪು ಲೂಟಿ ಮಾಡಿದ್ದನ್ನ ಇಂಗ್ಲಿಷರು ಲೂಟಿ ಮಾಡಿದ್ರು. ಅವನೇನು ಸಾಚಾನಾ? ಕೊಡಗು, ಮಲಬಾರಿನವರನ್ನ ಕೇಳಿ

ನಿರ್ವಾಹಕ
ಟಿಪ್ಪು ಬಗ್ಗೆ ಇಲ್ಲಿ ಆಗಲೇ ನಾಲ್ಕು ಎಳೆ ಇವೆ, ನಾಲ್ಕಕ್ಕೂ ಬೀಗ ಬಿದ್ದಿದೆ. ಈ ಎಳೆ ಕಾದಂಬರಿಗೆ ಮಾತ್ರ. ಇನ್ನೊಂದು, ಕಳ್ಳ ಯಾರು ಅನ್ನೋ ಗುಟ್ಟು ಈ ಗೆರೆಯ ಕೆಳಗೆ ಬರುತ್ತೆ. ಓದದೇ ಇರೋರು ಇಲ್ಲೇ ನಿಲ್ಲಿ.

――――――――――

ಹಳೇವಕೀಲ
ಈಗ ಧಾರಾಳವಾಗಿ ಮಾತಾಡಬಹುದು. ಬಾಗಿಲಿನ ಬಣ್ಣದ ಬಗ್ಗೆ ಮೂಲ ಪ್ರಶ್ನೆಯಲ್ಲಿ ಸ್ವಲ್ಪ ತಾತ್ಸಾರ ಕಂಡಿತು. ದಯವಿಟ್ಟು ಇನ್ನೊಮ್ಮೆ ನೋಡಿ. ರೇಚಲ್ ಮತ್ತು ಅವಳ ಸೋದರಸಂಬಂಧಿ ಫ್ರಾಂಕ್ಲಿನ್ ಬ್ಲೇಕ್ ಸೇರಿ ಅವಳ ಕೋಣೆಯ ಬಾಗಿಲಿಗೆ ಚಿತ್ರ ಬರೆದಿದ್ದಾರೆ. ಬಣ್ಣ ಆರಲು ಹನ್ನೆರಡು ಗಂಟೆ ಬೇಕು. ಬೆಳಿಗ್ಗೆ ಬೀಗದ ಕೆಳಗೆ ಒಂದು ಕಡೆ ಬಣ್ಣ ಅಳಿಸಿದೆ. ಊರಿನ ಸೂಪರಿಂಟೆಂಡೆಂಟ್ ಅದು ಹೆಂಗಸರ ಲಂಗ ತಾಗಿದ್ದು, ಕ್ಷುಲ್ಲಕ ಎಂದು ಬಿಟ್ಟಿದ್ದಾನೆ. ಕ್ಷುಲ್ಲಕ ಎಂಬ ವಸ್ತುವನ್ನು ತಾನು ಈವರೆಗೆ ಕಂಡೇ ಇಲ್ಲ ಎನ್ನುವ ಕಫ್, ಬಣ್ಣ ಯಾವಾಗ ಹಚ್ಚಿದ್ದು, ಯಾವಾಗ ಆರಿತು ಎಂದು ಲೆಕ್ಕ ಹಾಕಿ, ಮೆತ್ತಿದ ಬಟ್ಟೆ ಹುಡುಕಲು ಅಗಸರ ಪುಸ್ತಕ ತರಿಸುತ್ತಾನೆ.

ಇದು ಆಕಾಶದಿಂದ ಬಿದ್ದದ್ದಲ್ಲ. 1860ರ ಜೂನ್ 29ರ ರಾತ್ರಿ ವಿಲ್ಟ್‌ಷೈರ್‌ನ ರೋಡ್ ಎಂಬ ಹಳ್ಳಿಯ ಮನೆಯಲ್ಲಿ ಮೂರು ವರ್ಷದ ಮಗುವಿನ ಕೊಲೆಯಾಯಿತು. ಸ್ಕಾಟ್ಲೆಂಡ್ ಯಾರ್ಡಿನ ಜ್ಯಾಕ್ ವಿಚರ್ ಬಂದು, ಮಗುವಿನ ಹದಿನಾರು ವರ್ಷದ ಮಲಅಕ್ಕ ಕಾನ್‌ಸ್ಟೆನ್ಸ್ ಕೆಂಟ್‌ಳ ಒಂದು ರಾತ್ರಿ ಅಂಗಿ ಅಗಸರ ಲೆಕ್ಕದಲ್ಲಿ ತಪ್ಪಿದ್ದನ್ನು ಹಿಡಿದು ಅವಳನ್ನು ಬಂಧಿಸಿದ. ಮರ್ಯಾದಸ್ಥರ ಮನೆಯ ಹುಡುಗಿಯ ಒಳಬಟ್ಟೆ ಎಣಿಸಲು ಒಬ್ಬ ಪೊಲೀಸನಿಗೆ ಎಷ್ಟು ಸೊಕ್ಕು ಎಂದು ಪತ್ರಿಕೆಗಳು ಮುಗಿಬಿದ್ದವು. ಹುಡುಗಿ ಬಿಡುಗಡೆಯಾದಳು, ವಿಚರ್‌ನ ಹೆಸರು ಕೆಟ್ಟಿತು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು. ಮೂರು ವರ್ಷಕ್ಕೆ ‘ಮೂನ್‌ಸ್ಟೋನ್’ ಬಂತು. ಆಗಿನ ಓದುಗರಿಗೆ ರಾತ್ರಿ ಅಂಗಿ ಎಂದರೆ ಸಾಕಿತ್ತು, ಬೆನ್ನು ನೆಟ್ಟಗಾಗುತ್ತಿತ್ತು.

ಧಾರವಾಡಫೇಡೆ
ಮತ್ತ ಮಜಾ ಏನಂದ್ರ, ಕಫ್ ಇಷ್ಟೆಲ್ಲಾ ಶ್ಯಾಣೇತನ ಮಾಡಿ ಕಡೀಕ ತಪ್ಪು ಹೇಳ್ತಾನ! ರೇಚಲ್ ತನ್ನ ವಜ್ರ ತಾನ ಮುಚ್ಚಿಟ್ಟಾಳ, ರೊಸಾನಾ ಸಹಾಯ ಮಾಡ್ಯಾಳ ಅಂತಾನ. ಪತ್ತೇದಾರ ಸೋತು ಮನಿಗೆ ಹೋಗಿ ಗುಲಾಬಿ ಬೆಳಸ್ತಾನ, ಪುಸ್ತಕ ಇನ್ನೂ ಅರ್ಧಾ ಉಳದಿರ್ತದ. ನಾ ಸಣ್ಣಾಕಿದ್ದಾಗ ಬಾಡಿಗಿ ಲೈಬ್ರರಿ ಪತ್ತೇದಾರಿ ಓದಿ ಬೆಳದಾಕಿ, ಅವುದ್ರಾಗ ಪತ್ತೇದಾರ ಸೋತಿದ್ದು ನೋಡೇ ಇರಲಿಲ್ಲ.

ಸಂಜೆಮಲ್ಲಿಗೆ
ವಕೀಲರೇ, ರಾತ್ರಿ ಅಂಗಿ ಬಗ್ಗೆ ಹಗುರವಾಗಿ ಮಾತಾಡಿದ್ದು ವಾಪಸ್ ತಗೊಂಡೆ. ಮರಳೊಳಗೆ ರೊಸಾನಾ ಸರಪಳಿ ಕಟ್ಟಿ ಇಳಿಬಿಟ್ಟ ತಗಡಿನ ಪೆಟ್ಟಿಗೆ ಎಳೆದು, ಬಣ್ಣ ಮೆತ್ತಿದ ಅಂಗಿ ತೆಗೆದು, ಅದರ ಮೇಲಿನ ಹೆಸರು ಓದಿದ್ರೆ ಫ್ರಾಂಕ್ಲಿನ್ ಬ್ಲೇಕ್‌ದೇ ಹೆಸರು! ಕಳ್ಳನ್ನ ಹುಡುಕ್ತಾ ಇರೋನೇ ಕಳ್ಳ, ಅವನಿಗೇ ಗೊತ್ತಿಲ್ಲ. ಜ್ವರದಲ್ಲಿ ಓದಿದ್ದಕ್ಕೋ ಏನೋ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತಿದ್ದೆ.

ಆದ್ರೆ ಕಾರಣ? ಅಫೀಮು! ಸಿಗಾರ್ ಬಿಟ್ಟು ನಿದ್ದೆ ಬರದೆ ಒದ್ದಾಡ್ತಿದ್ದೋನು ಊಟದ ಹೊತ್ತಲ್ಲಿ ‘ನಿಮ್ಮ ಔಷಧಿ ಎಲ್ಲಾ ಬೊಗಳೆ’ ಅಂದ ಅಂತ ಡಾಕ್ಟರು ಗೊತ್ತಾಗದ ಹಾಗೆ ಅಫೀಮಿನ ದ್ರಾವಣ ಕುಡಿಸಿದ್ರಂತೆ. ವಜ್ರ ಜೋಪಾನ ಮಾಡಬೇಕು ಅನ್ನೋ ಚಿಂತೇಲಿ ಅಮಲಲ್ಲೇ ಎದ್ದು ಹೋಗಿ ತೆಗೆದು, ರೇಚಲ್‌ಳ ಇನ್ನೊಬ್ಬ ಸೋದರಸಂಬಂಧಿ ಗಾಡ್‌ಫ್ರಿ ಕೈಗೆ ಕೊಟ್ಟು, ಬೆಳಿಗ್ಗೆ ಮರೆತುಬಿಟ್ಟನಂತೆ. ಇದು ಸ್ವಲ್ಪ ಜಾಸ್ತಿ ಆಯ್ತು ಅನ್ಸಲ್ವಾ?

ಲೀಡ್ಸ್‌ಅಜ್ಜಿ
ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಆಮೇಲೆ ಪರೀಕ್ಷೆ ಅಂತ ಅವನಿಗೆ ಎರಡನೇ ಸಲ ಅಫೀಮು ಕುಡಿಸ್ತಾರಲ್ಲ, ಅಷ್ಟು ಅಚ್ಚುಕಟ್ಟಾಗಿ ಮತ್ತೆ ಎದ್ದು ಹೋಗಿ ಕಲ್ಲು ತೆಗೀತಾನೆ ಅನ್ನೋದನ್ನು ನಾನೂ ನಂಬಲ್ಲ. ಆದರೆ ಆ ಕಾಲದಲ್ಲಿ ಲಾಡನಂ ಅನ್ನುವ ಅಫೀಮಿನ ದ್ರಾವಣ ಕೆಮ್ಮಿಗೂ ನಿದ್ದೆಗೂ ಮಕ್ಕಳ ಹೊಟ್ಟೆನೋವಿಗೂ ಮನೆಮನೆಯಲ್ಲಿ ಇರ್ತಿತ್ತು. ಕಾಲಿನ್ಸ್ ಅದನ್ನು ಪುಸ್ತಕದಿಂದ ಕಲಿತವನಲ್ಲ. ಸಂಧಿವಾತದ ನೋವಿಗೆ ತಾನೇ ವರ್ಷಗಟ್ಟಲೆ ಕುಡಿದವನು. ಈ ಕಾದಂಬರಿ 1868ರ ಜನವರಿಯಿಂದ ಆಗಸ್ಟ್‌ವರೆಗೆ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮಾರ್ಚಿನಲ್ಲಿ ಅವನ ತಾಯಿ ತೀರಿಕೊಂಡರು, ಅವನು ಹಾಸಿಗೆ ಹಿಡಿದಿದ್ದ. ಆದರೂ ವಾರದ ಕಂತು ನಿಲ್ಲಿಸಲಿಲ್ಲ, ಒಂದಷ್ಟನ್ನು ಮಲಗಿಕೊಂಡೇ ಹೇಳಿ ಬರೆಸಿದ. ನಗಿಸೋ ಭಾಗ ಇದೆಯಲ್ಲ, ಮಿಸ್ ಕ್ಲ್ಯಾಕ್ ಹೇಳೋದು, ಅದು ಆ ದಿನಗಳ ಆಸುಪಾಸಿನದ್ದು.

ಧಾರವಾಡಫೇಡೆ
ಮಿಸ್ ಕ್ಲ್ಯಾಕ್! ಮಂದಿ ಮನಿಗೆ ಹೋಗಿ ಧರ್ಮದ ಕರಪತ್ರ ಹೂವಿನ ಕುಂಡದಾಗ, ಸೋಫಾದ ದಿಂಬಿನ ಕೆಳಗ, ಬಚ್ಚಲದಾಗ ತುರುಕಿ ಬರಾಕಿ. ‘ಕೂದಲ ಬ್ರಶ್ಶಿನ್ಯಾಗ ಸೈತಾನ’ ಅಂತ ಒಂದು ಕರಪತ್ರದ ಹೆಸರು. ಇನ್ನ ಆಕಿ ಸಂಘ? ಕುಡುಕ ಅಪ್ಪಗೋಳು ಒತ್ತಿ ಇಟ್ಟ ಪ್ಯಾಂಟು ಬಿಡಿಸಿಕೊಂಡು ಬಂದು, ಕತ್ತರಿಸಿ ಮಕ್ಕಳಿಗೆ ಹೊಲಿಸೋ ಸಂಘ, ಅಪ್ಪ ಮತ್ತ ಅದನ್ನ ಹಾಕ್ಕೋಬಾರದಂತ! ನಮ್ಮ ಓಣ್ಯಾಗ ಇಂಥಾಕಿ ಒಬ್ಬಾಕಿ ಇದ್ಲು, ಹೆಸರು ಹೇಳೂದಿಲ್ಲ, ಈ ವೇದಿಕಿ ಓದ್ತಿರಬಹುದು.

ಗುಲಾಬಿಹುಚ್ಚು
ಕವಿ ಟಿ.ಎಸ್. ಎಲಿಯಟ್ ಇದನ್ನ ಇಂಗ್ಲಿಷಿನ ಮೊಟ್ಟಮೊದಲ, ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ಒಳ್ಳೆಯ ಪತ್ತೇದಾರಿ ಕಾದಂಬರಿ ಅಂದಿದ್ದಾನಲ್ಲ. ಉದ್ದ ಅನ್ನೋದಂತೂ ಅನುಭವಕ್ಕೆ ಬಂತು.

ಹಳೇವಕೀಲ
ಮೊದಲನೆಯದು ಎಂಬ ಪಟ್ಟ ತಕರಾರಿನದು. ‘ನಾಟಿಂಗ್ ಹಿಲ್ ಮಿಸ್ಟರಿ’ 1862ರಲ್ಲೇ ಧಾರಾವಾಹಿಯಾಗಿ ಶುರುವಾಗಿತ್ತು, ಫ್ರಾನ್ಸಿನಲ್ಲಿ ಗಬೋರಿಯೊ 1866ಕ್ಕೆ ಬರೆದಾಗಿತ್ತು. ನನಗೆ ಹಿಡಿಸಿದ್ದು ಸಾಕ್ಷ್ಯದ ಕ್ರಮ. ಕಾಲಿನ್ಸ್ ಕಾನೂನು ಓದಿ 1851ರಲ್ಲಿ ಬ್ಯಾರಿಸ್ಟರ್ ಆದವನು, ವಕೀಲಿಕೆ ಮಾಡಲಿಲ್ಲ. ಹತ್ತು ಹನ್ನೊಂದು ಮಂದಿ ತಮಗೆ ಕಂಡಷ್ಟನ್ನೇ ಹೇಳಬೇಕು, ಆಮೇಲೆ ಗೊತ್ತಾದದ್ದನ್ನು ಬೆರೆಸಕೂಡದು. ನನ್ನ ನಲವತ್ತು ವರ್ಷದಲ್ಲಿ ಹೀಗೆ ಸಾಕ್ಷಿ ನುಡಿದವರನ್ನು ಕೈಬೆರಳಲ್ಲಿ ಎಣಿಸಬಹುದು.

ಸಂಜೆಮಲ್ಲಿಗೆ
ಹಿಡಿದಿರಿ ನೋಡಿ, ನನ್ನ ತಕರಾರಿನ ಜಾಗಕ್ಕೇ ಬಂದ್ರಿ. ಹನ್ನೊಂದು ಸಾಕ್ಷಿ. ಬಟ್ಲರ್, ವಕೀಲ, ಡಾಕ್ಟರು, ಹಡಗಿನ ಕ್ಯಾಪ್ಟನ್ನು ಕೂಡ. ಆ ಮೂವರಲ್ಲಿ ಒಬ್ಬನ ಹೇಳಿಕೆಯಾದ್ರೂ ಇದ್ಯಾ? ಸಮುದ್ರ ದಾಟಿ ಜಾತಿ ಕಳ್ಕೊಂಡು, ಬೀದೀಲಿ ಆಟ ತೋರಿಸ್ತಾ, ಆ ಚಳಿ ದೇಶದಲ್ಲಿ ವರ್ಷಗಟ್ಟಲೆ ಕಾದವರು. ಅವರ ವಿಷಯ ನಮಗೆ ಗೊತ್ತಾಗೋದು ಮರ್ಥ್‌ವೇಟ್ ಅನ್ನೋ ಪ್ರವಾಸಿ ಬಾಯಿಂದ.

ಲೀಡ್ಸ್‌ಅಜ್ಜಿ
ಹೌದು, ಆದರೆ 1857 ಮುಗಿದು ಹನ್ನೊಂದೇ ವರ್ಷ ಆಗಿತ್ತು. ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಭಾರತೀಯ ಅಂದರೆ ರಾಕ್ಷಸ. ಅಂಥ ಹೊತ್ತಲ್ಲಿ ಇವನ ಕಾದಂಬರಿಯ ಕಳ್ಳ ಯಾರು? ಎಲ್ಲ ಹೆಂಗಸರ ಸಂಘಕ್ಕೂ ಬೇಕಾದ ಧರ್ಮಾತ್ಮ, ಯಾರದ್ದೋ ಇಪ್ಪತ್ತು ಸಾವಿರ ಪೌಂಡು ನುಂಗಿದ ಗಾಡ್‌ಫ್ರಿ. ಕೊನೆಗೆ ಗಂಟು ಬಿಡಿಸಿದ್ದು ಯಾರು? ವಸಾಹತಿನಲ್ಲಿ ಹುಟ್ಟಿದ, ಮಿಶ್ರ ರಕ್ತದ, ಅರ್ಧ ಕಪ್ಪು ಅರ್ಧ ಬಿಳಿ ಕೂದಲಿನ ಎಜ್ರಾ ಜೆನಿಂಗ್ಸ್, ಅದೇ ಡಾಕ್ಟರ ಸಹಾಯಕ. ಊರಲ್ಲಿ ಯಾರೂ ಮನೆಗೆ ಸೇರಿಸದವನು. ಡಾಕ್ಟರು ಜ್ವರದಲ್ಲಿ ಬಡಬಡಿಸಿದ ತುಂಡು ಮಾತುಗಳನ್ನು ಬರೆದಿಟ್ಟುಕೊಂಡು, ನಡುವಿನ ಖಾಲಿ ಜಾಗ ತುಂಬಿ ಓದಿದ. ಸಾಯುವಾಗ ತನ್ನ ಬರಹವನ್ನೆಲ್ಲ ಜೊತೆಗೆ ಹೂಳಿಸಿಕೊಂಡ, ಗೋರಿಗೆ ಗುರುತು ಬೇಡ ಅಂದ.

ಹಳೇವಕೀಲ
ಇನ್ನೊಂದು ಲೆಕ್ಕ ಗಮನಿಸಿ. ವಜ್ರದ ನಡುವೆ ಒಂದು ದೋಷವಿದೆ. ಆಮ್‌ಸ್ಟರ್‌ಡ್ಯಾಂಗೆ ಕಳಿಸಿ ನಾಲ್ಕಾರು ತುಂಡು ಮಾಡಿಸಿದರೆ ಇಡೀ ಕಲ್ಲಿಗಿಂತ ಹೆಚ್ಚು ಬೆಲೆ. ಇಂಗ್ಲೆಂಡಿನಲ್ಲಿ ಅದು ಒಡೆದರೆ ಲಾಭ, ಸೋಮನಾಥದಲ್ಲಿ ಇಡಿಯಾಗಿದ್ದರೆ ದೇವರು. ಆಗಿನವರಿಗೆ ಸೋಮನಾಥ ಅಪರಿಚಿತವೂ ಅಲ್ಲ. 1842ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಘಜ್ನಿಯಿಂದ ‘ಸೋಮನಾಥದ ಬಾಗಿಲು’ ಹೊರಿಸಿಕೊಂಡು ಬಂದು ಡಂಗುರ ಹೊಡೆಸಿದ್ದ. ಅವು ಸೋಮನಾಥದ್ದೇ ಅಲ್ಲ ಎಂದು ಗೊತ್ತಾಯಿತು. ಇವತ್ತಿಗೂ ಆಗ್ರಾ ಕೋಟೆಯಲ್ಲಿ ಬಿದ್ದಿವೆ.

ಕುಡ್ಲದಮಳೆ
ಮೂನ್‌ಸ್ಟೋನ್ ಅಂದರೆ ನಮ್ಮ ಚಂದ್ರಕಾಂತ ಶಿಲೆ ಅಲ್ವಾ? ಬೆಳದಿಂಗಳಿಗೆ ಒಸರುವುದು, ಹಳೆ ಕಾವ್ಯದಲ್ಲಿ ಬರ್ತದಲ್ಲ. ಅದು ವಜ್ರ ಹೇಗೆ ಆಗ್ತದೆ?

ಹಳೇವಕೀಲ
ಅದಲ್ಲ. ಅಂಗಡಿಯಲ್ಲಿ ಮೂನ್‌ಸ್ಟೋನ್ ಎಂದು ಮಾರುವುದು ಹಾಲುಬಣ್ಣದ ಅಗ್ಗದ ಕಲ್ಲು. ಕಾದಂಬರಿಯದು ಹಳದಿ ವಜ್ರ. ಚಂದ್ರ ಬೆಳೆದಂತೆ, ಸವೆದಂತೆ ಅದರ ಹೊಳಪೂ ಏರಿಳಿಯುತ್ತದೆಂಬ ನಂಬಿಕೆಯಿಂದ ಆ ಹೆಸರು.

ಸಂಜೆಮಲ್ಲಿಗೆ
ಅಜ್ಜಿ, ಜೆನಿಂಗ್ಸ್ ವಿಷಯ ಒಪ್ಪಿದೆ. ಕೊನೇನೂ ಇನ್ನೊಂದ್ಸಲ ಓದಿದೆ. ವಜ್ರ ಸೋಮನಾಥಕ್ಕೆ ವಾಪಸ್ ಹೋಗುತ್ತೆ. ತಂದ ಮೂವರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಮತ್ತೆ ಯಾವತ್ತೂ ಭೇಟಿಯಾಗಬಾರದು ಅಂತ ಮೂರು ದಿಕ್ಕಿಗೆ ನಡೆದುಬಿಡ್ತಾರೆ. ಜನ ದಾರಿ ಬಿಟ್ಟು ನಿಂತಿರ್ತಾರೆ. 1868ರ ಇಂಗ್ಲಿಷ್ ಓದುಗನ ಮುಂದೆ ವಜ್ರ ವಾಪಸ್ ಕೊಟ್ಟಿದ್ದಾನೆ, ಸಣ್ಣ ಮಾತಲ್ಲ. ಆದ್ರೂ ಆ ಮೂವರ ಒಂದೇ ಒಂದು ಪುಟ ಸಿಕ್ಕಿದ್ರೆ ಮಿಸ್ ಕ್ಲ್ಯಾಕ್‌ಳ ಅರ್ಧ ಭಾಗ ಬಿಟ್ಟುಕೊಡೋಕೆ ನಾನು ರೆಡಿ.

ಧಾರವಾಡಫೇಡೆ
ಕ್ಲ್ಯಾಕ್‌ಗೆ ಕೈ ಹಚ್ಚಬ್ಯಾಡ್ರಿ. ಫ್ರಾಂಕ್ಲಿನ್ ಬ್ಲೇಕ್‌ದು ಬೇಕಾದಷ್ಟು ತಗೋರಿ.

ಪಟ್ಣದಹೈದ
ಅಕ್ಕ, ಪುಸ್ತಕ ಫೋನಲ್ಲಿ ಇಳಿಸ್ಕಂಡೆ. ಹಳೇದಲ್ವಾ, ಪುಕ್ಸಟ್ಟೆ ಸಿಕ್ತದೆ. ಭಾನ್ವಾರ ಕೋಟೆ ಗ್ವಾಡೆ ಮೇಲೆ ಕೂತ್ಕಂಡು ಮೊದಲ್ನೇ ಭಾಗ ಓದ್ದೆ, ಕತ್ತಲಾಗೋವರ್ಗೂ. ಆಮೇಲೆ ಆ ಮುದ್ಕ ಬಟ್ಲರ್ ಬಂದ, ನಂಗೇನೂ ಬ್ಯಾಸರ ಆಗ್ಲಿಲ್ಲ. ಈಗ ಆ ಕೆಲಸದ ಹುಡ್ಗಿ ಮರಳತಾವ ಕುಂತವ್ಳೆ. ನೀವು ಬರ್ದಿರೋದು ಯಾವ್ದೂ ನೋಡ್ದೆ ಸೀದಾ ಕೆಳಿಕ್ಕೆ ಬಂದಿವ್ನಿ. ಒಂದೇ ಹೇಳ್ಬುಡಿ, ಅವಳಿಗೇನೂ ಆಗಲ್ಲ ತಾನೆ?

ಸಂಜೆಮಲ್ಲಿಗೆ
ಗೆರೆ ಮೇಲೆ ಹೋಗಪ್ಪ ನೀನು. ಓದಿ ಮುಗಿಸಿ ಬಾ.